ಕಡತ ತೆರೆಯಿತು

ನಾವು ವ್ಯಾಕರಣ ಕಲಿಸುವವರು. ಸಂಧಿ, ಸಮಾಸ, ವಿಭಕ್ತಿ ಪ್ರತ್ಯಯಗಳ ನಡುವೆ ನಮ್ಮ ಇಪ್ಪತ್ತು ವರ್ಷಗಳು ಕಳೆದವು. ಗಣಕಯಂತ್ರವೆಂದರೆ ವಿಜ್ಞಾನದ ಗುರುಗಳ ಪಾಲಿಗೆ ಸೇರಿದ್ದೆಂದು ದೂರವೇ ಉಳಿದಿದ್ದೆವು. ಆದರೆ ಕಳೆದ ದೀಪಾವಳಿಯ ರಜೆಯಲ್ಲಿ ಆ ಯಂತ್ರವೇ ನಮ್ಮನ್ನು ಮತ್ತೆ ವಿದ್ಯಾರ್ಥಿಯ ಜಾಗದಲ್ಲಿ ಕೂಡ್ರಿಸಿತು.

ಈ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿಗಳ ಕೆಲವು ಬರಹಗಳನ್ನು ಮತ್ತೆ ಅಚ್ಚು ಹಾಕಿಸಬೇಕೆಂದು ನಿಶ್ಚಯಿಸಿದ್ದೆವು. ಹಿಂದಿನ ಸಂಚಿಕೆಗಳನ್ನು ಗೆದ್ದಲು ತಿಂದಿತ್ತು. ಆಗ ಬೆರಳಚ್ಚು ಮಾಡಿಸಿ ಇಟ್ಟಿದ್ದ ಸಿ.ಡಿ.ಗಳು ಮಾತ್ರ ಕಪಾಟಿನಲ್ಲಿ ಉಳಿದಿದ್ದವು. ಒಂದನ್ನು ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ! ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ಅರ್ಥವಿಲ್ಲದ ಚಿಹ್ನೆಗಳು. ನಮ್ಮ ಎದೆ ಧಸಕ್ಕೆಂದಿತು.

ಬಿಳೂರ ಗಡಿಯ ಊರು. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ನಾವೂ ಎರಡೂ ಭಾಷೆಗಳಲ್ಲಿ ಓದಿ ಬೆಳೆದವರು. ಎರಡರ ಮೇಲೂ ನಮಗೆ ಪ್ರೀತಿಯಿದೆ. ಆದರೆ ಇಲ್ಲಿಯ ಮಕ್ಕಳು ಕನ್ನಡದಲ್ಲಿ ಬರೆದದ್ದು ಉಳಿಯಲು ಇರುವ ಜಾಗ ಈ ಸಂಚಿಕೆಯೊಂದೇ. ಅದೂ ಹೋದರೆ ಆ ಮಕ್ಕಳು ಬರೆದೇ ಇರಲಿಲ್ಲವೆಂದಂತೆ.

ಪುಣೆಯಲ್ಲಿ ತಂತ್ರಾಂಶ ಬರೆಯುವ ನೌಕರಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಹಬ್ಬಕ್ಕೆ ಊರಿಗೆ ಬಂದಿದ್ದ. ಅವನನ್ನು ಕರೆಸಿ ತೋರಿಸಿದೆವು. ಅವನು ನೋಡಿ ನಕ್ಕ.

"ಸರ, ಬರಹ ಹಾಳಾಗಿಲ್ರಿ. ಅಂಗಿ ಬದಲಿ ಆಗೇತಿ ಅಷ್ಟ."

ವಿಷಯ ಹೀಗಿದೆ. ಯಂತ್ರಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಹಿಂದೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ಆಕಾರಗಳನ್ನು ತೊಡಿಸುತ್ತಿದ್ದರು. ಆ ಲಿಪಿಯ ತಂತ್ರಾಂಶ ಇಲ್ಲದ ಯಂತ್ರದಲ್ಲಿ ಅಂಗಿ ಕಳಚಿ ಒಳಗಿನ ಇಂಗ್ಲಿಷ್ ಕಾಣುತ್ತದೆ. 1991ರಲ್ಲಿ ಬಂದ ಯೂನಿಕೋಡ್ ಎಂಬ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ. ನಮ್ಮ 'ಅ'ಕಾರಕ್ಕೆ 3205, 'ಕ'ಕಾರಕ್ಕೆ 3221. ಜಗತ್ತಿನ ಯಾವ ಮೂಲೆಗೆ ಹೋದರೂ ಆ ಸಂಖ್ಯೆ ಬೇರೆ ಅಕ್ಷರದ್ದಾಗದು.

ಹಳೆಯ ಬರಹವನ್ನು ಹೊಸ ಪದ್ಧತಿಗೆ ತರುವ ಪರಿವರ್ತಕಗಳನ್ನು ಕನ್ನಡದ ಹುಡುಗರೇ ಬರೆದು ಎಲ್ಲರಿಗೂ ತೆರೆದಿಟ್ಟಿದ್ದಾರಂತೆ. ಅಂಥದಕ್ಕೆ ಮುಕ್ತ ತಂತ್ರಾಂಶವೆನ್ನುತ್ತಾರೆ. ಅದರ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅವನ ಯಂತ್ರವನ್ನು ನಡೆಸುವ ಲಿನಕ್ಸ್ ಕೂಡ ಅಂಥದೇ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ 21 ವರ್ಷದ ವಿದ್ಯಾರ್ಥಿ ಅದನ್ನು ಆರಂಭಿಸಿದ.

ನಮ್ಮ ಸಿ.ಡಿ.ಯ ಲಿಪಿ ಬಳಕೆ ತಪ್ಪಿದ್ದು. ಆದ್ದರಿಂದ ಅವನು ಒಂದು ಪರಿವರ್ತಕವನ್ನು ತಂದು, ನಮ್ಮ ಲಿಪಿಗೆ ತಕ್ಕ ಅಕ್ಷರಪಟ್ಟಿಯನ್ನು ಅದಕ್ಕೆ ಸೇರಿಸಿದ. ಕನ್ನಡ ಮೂಡಿತು! ಆದರೆ 'ಧರ್ಮ' ಎಂಬುದು ಎಲ್ಲೆಡೆ 'ಧಮರ್' ಆಗಿತ್ತು, 'ಸೂರ್ಯ' 'ಸೂಯರ್' ಆಗಿದ್ದ.

"ಇದ್ಯಾಕ ಹಿಂಗಾತ್ರಿ ಸರ?" ಎಂದು ಅವನೇ ನಮ್ಮನ್ನು ಕೇಳಿದ.

"ಅರ್ಕಾವತ್ತು ಮರೆತೆಯೇನೋ ತಮ್ಮಾ? ಬರೆಯೂದು ಆಮೇಲೆ, ನುಡಿಯೂದು ಮೊದಲು!" ಎಂದೆವು.

ಹಳೆಯ ಲಿಪಿ ಕೈ ಬರೆದ ಕ್ರಮವನ್ನು ಹಿಡಿದಿತ್ತು. ಹೊಸ ಪದ್ಧತಿ ನಾಲಗೆ ನುಡಿಯುವ ಕ್ರಮವನ್ನು ಕೇಳುತ್ತಿತ್ತು. ಅವನು ಒಂದು ನಿಯಮವನ್ನು ತಿದ್ದಿದ. ಮತ್ತೆ ನಡೆಸಿದರೆ ಮತ್ತೆ 'ಧಮರ್'! ಅರೆಗಳಿಗೆ ತಲೆ ಕೆರೆದುಕೊಂಡು, "ಕಟ್ಟೂದ ಮರ್ತೆನ್ರಿ" ಎಂದು 'ಮೇಕ್' ಎಂಬ ಒಂದು ಪದ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಧರ್ಮವೂ ಸೂರ್ಯನೂ ಸ್ವಸ್ಥಾನಕ್ಕೆ ಬಂದರು.

ಮನುಷ್ಯ ಬರೆದ ಸೂಚನೆಗಳನ್ನು ಯಂತ್ರ ನಡೆಸುವ ರೂಪಕ್ಕೆ ತಂದು ಜೋಡಿಸಬೇಕು. ಬರಹ ತಿದ್ದಿ, ಜೋಡಿಸುವುದನ್ನು ಮರೆತರೆ ಹಳೆಯದೇ ಓಡುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಒಬ್ಬರು ಹೀಗೆಯೇ, ಆಗಲೇ ತಿದ್ದಿದ್ದ ತಪ್ಪನ್ನು ಹುಡುಕುತ್ತ ಒಂದು ಮುಂಜಾನೆ ಕಳೆದರಂತೆ. ಅದನ್ನು ಕಂಡ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ 'ಮೇಕ್' ಬರೆದರು. ಯಾವ ಭಾಗ ಬದಲಾಗಿದೆಯೋ ಅದನ್ನೂ ಅದನ್ನು ನೆಚ್ಚಿದವುಗಳನ್ನೂ ಮಾತ್ರ ಅದು ಹೊಸದಾಗಿ ಕಟ್ಟುತ್ತದೆ. ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ನಮ್ಮ ತಾಯಂದಿರು ರೊಟ್ಟಿಯನ್ನು ಮತ್ತೆ ಬಡಿಯುತ್ತಾರೆಯೇ?

ಬರಹಗಳನ್ನು ಜೋಡಿಸಲು ಲಿಬ್ರೆ ಆಫೀಸ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವನ್ನು ತೆರೆದ. ಅದರ ಸೂಚನೆಗಳೂ ಕನ್ನಡದಲ್ಲಿದ್ದವು. ಮೊದಲನೆಯ ಪದವೇ 'ಕಡತ'. ನಮಗೆ ರೋಮಾಂಚನವಾಯಿತು. ಕಡತವೆಂದರೆ ಹಿಂದಿನವರು ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕ. ಆ ಪದವನ್ನು ಯಾರೋ ಕನ್ನಡಿಗರು ಈ ಹೊಸ ಕೆಲಸಕ್ಕೆ ಕರೆತಂದಿದ್ದಾರೆ. ನಮ್ಮಂತೆಯೇ ಗಡಿಯವರಾದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಗಣಕಪಾಠ ಕಲಿಯುವುದೂ ಇಂಥ ಮುಕ್ತ ತಂತ್ರಾಂಶಗಳಿಂದಲೇ.

ಗೀರು ಬಿದ್ದ ಒಂದು ಸಿ.ಡಿ. ಮಾತ್ರ ತೆರೆಯಲೇ ಇಲ್ಲ. ಆ ವರ್ಷದ ಮಕ್ಕಳ ಕ್ಷಮೆ ಕೇಳುತ್ತೇವೆ. ಉಳಿದವುಗಳಲ್ಲಿ, ಬರಗಾಲದ ವರ್ಷ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತುದನ್ನು ಬರೆದ ಒಬ್ಬ ಹುಡುಗಿಯ ಪ್ರಬಂಧ ಸಿಕ್ಕಿತು. ಆಕೆಯ ಮಗಳು ಈಗ ನಮ್ಮ ಎಂಟನೆಯ ತರಗತಿಯಲ್ಲಿದ್ದಾಳೆ. ತರಗತಿಯಲ್ಲಿ ಅವಳಿಂದಲೇ ಓದಿಸಿದೆವು. ಓದಿ ಮುಗಿಸಿ, "ನಮ್ಮವ್ವ ಇಷ್ಟ್ ಚಂದ ಬರೀತಿದ್ಲೇನ್ರಿ ಸರ?" ಎಂದಳು.

ಪುಣೆಗೆ ಹೊರಡುವ ಮುನ್ನ ನಮ್ಮ ವಿದ್ಯಾರ್ಥಿ ಅರ್ಕಾವತ್ತಿನ ಆ ತಿದ್ದುಪಡಿಯನ್ನೂ ಅಕ್ಷರಪಟ್ಟಿಯನ್ನೂ ಪರಿವರ್ತಕ ಬರೆದವರಿಗೆ ಕಳಿಸಿದ. ಇನ್ನೊಂದು ಶಾಲೆಯ ಕಪಾಟಿನಲ್ಲೂ ಇಂಥ ಸಿ.ಡಿ.ಗಳು ಇದ್ದಾವು.

ವಿದ್ಯಾರ್ಥಿ ಮಿತ್ರರೇ, ವ್ಯಾಕರಣ ಎಲ್ಲಿ ಉಪಯೋಗವೆಂದು ಇನ್ನು ಕೇಳಬೇಡಿರಿ. ಪಾಲಕರೇ, ಮನೆಯಲ್ಲಿ ಹಳೆಯ ಸಂಚಿಕೆಗಳಿದ್ದರೆ ದಯಮಾಡಿ ಶಾಲೆಗೆ ತಂದು ತೋರಿಸಿರಿ. ಕಳೆದ ಆ ಒಂದು ವರ್ಷ ನಿಮ್ಮ ಪೆಟ್ಟಿಗೆಯ ತಳದಲ್ಲಿ ಇರಲೂಬಹುದು.