‘ಸ್ವಇಚ್ಛೆಯಿಂದ’ ಎಂಬ ಪದ

ಮಕ್ಕಳನ್ನು ಹೊರಹಾಕುವ ಖಾಸಗಿ ಶಾಲೆಗಳು ‘ಹೊರಹಾಕಿದ್ದೇವೆ’ ಎಂದು ಬರೆದು ಕೊಡುವುದು ಅಪರೂಪ. ತಂದೆ-ತಾಯಿಯನ್ನು ಕರೆಸಿ, “ನೀವೇ ಟಿ.ಸಿ. ಕೇಳಿ ಅರ್ಜಿ ಕೊಟ್ಟುಬಿಡಿ, ಹುಡುಗನ ಹೆಸರು ಕೆಡುವುದಿಲ್ಲ” ಎನ್ನುತ್ತಾರೆ. ಉಪಕಾರ ಮಾಡುವವರ ಧಾಟಿಯಲ್ಲೇ. ಮೇಷ್ಟ್ರಗಿರಿಯಲ್ಲಿ ಇದನ್ನು ಸಾಕಷ್ಟು ಕಂಡಿದ್ದೇನೆ.

ಕಳೆದ ವರ್ಷ ನಮ್ಮ ಬೀದಿಯ ಏಳನೇ ತರಗತಿ ಹುಡುಗನಿಗೂ ಹಾಗೇ ಆಯಿತು. ಮಠದ ಟ್ರಸ್ಟ್ ನಡೆಸುವ ಶಾಲೆ. ಜಗಳದಲ್ಲಿ ಸಹಪಾಠಿಯ ಹಲ್ಲು ಮುರಿದಿದ್ದ, ತಪ್ಪು ಸಣ್ಣದಲ್ಲ. ಅವನ ತಾಯಿ ಅರ್ಜಿ ಬರೆಸಲು ನನ್ನ ಬಳಿ ಬಂದರು. “ಸರ್, ‘ಸ್ವಇಚ್ಛೆಯಿಂದ’ ಅಂತ ಇರಲೇಬೇಕಂತೆ” ಎಂದರು. “ನಿಮಗೆ ಇಚ್ಛೆ ಇದೆಯೇನಮ್ಮಾ?” ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಅರ್ಜಿ ಬರೆಯಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರಲ್ಲಿ ತಿದ್ದುಪಡಿಯಾಗಿ, ಐದು ಮತ್ತು ಎಂಟನೇ ತರಗತಿಯಲ್ಲಿ ಅನುತ್ತೀರ್ಣಗೊಳಿಸಲು ಅವಕಾಶ ಬಂತು, ಹೊರಹಾಕಲು ಬರಲಿಲ್ಲ. ಪೋಷಕರೇ ಬಿಡಿಸಿಕೊಂಡು ಹೋದರೆ ಮಾತ್ರ ಶಾಲೆಯ ಮೇಲೆ ಹೊಣೆಯಿಲ್ಲ. ಆ ಒಂದು ಪದದ ಬೆಲೆ ಅಷ್ಟು.

“ನಮ್ಮದು ಧಾರ್ಮಿಕ ಸಂಸ್ಥೆ, ಈ ಕಾಯ್ದೆ ನಮಗಿಲ್ಲ” ಎಂದಿದ್ದರಂತೆ ಆಡಳಿತದವರು. ಅರ್ಧ ಸತ್ಯ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಕಾಯ್ದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಖ್ಯವಾಗಿ ಧರ್ಮಬೋಧನೆಯನ್ನೇ ಮಾಡುವ ಮದರಸಾ, ವೇದ ಪಾಠಶಾಲೆಗಳಿಗೂ ವಿನಾಯಿತಿ ಇದೆ. ಆದರೆ ಬೆಳಗ್ಗೆ ಪ್ರಾರ್ಥನೆ ಮಾಡಿಸಿ, ಆಮೇಲೆ ಗಣಿತ-ವಿಜ್ಞಾನ ಕಲಿಸುವ ಶಾಲೆ, ಟ್ರಸ್ಟಿನ ಹೆಸರಿನಲ್ಲಿ ದೇವರಿದ್ದ ಮಾತ್ರಕ್ಕೆ ಆ ಸಾಲಿಗೆ ಸೇರುವುದಿಲ್ಲ.

ಈ ಕಾಯ್ದೆ ಬರುವ ಮೊದಲೇ, 1985ರಲ್ಲಿ, ಕೇರಳದ ಒಂದು ಶಾಲೆ ಮೂವರು ಒಡಹುಟ್ಟಿದವರನ್ನು ಹೊರಹಾಕಿತ್ತು. ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದ ಮಕ್ಕಳು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಿಕ್ಷಣ ಅಧಿಕಾರಿಯ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ ಕೈಗೊಂಡ ಕ್ರಮವದು. ಹೈಕೋರ್ಟಿನಲ್ಲಿ ಸೋತ ಮಕ್ಕಳು 1986ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಹಾಡಲೇಬೇಕೆಂಬ ಕಾನೂನು ಎಲ್ಲಿದೆ ಎಂದು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಅವರ ಪೀಠ ಹುಡುಕಿತು, ಸಿಗಲಿಲ್ಲ. ಇಲಾಖೆಯ ಸುತ್ತೋಲೆಗಳಿಗೆ ಕಾನೂನಿನ ಬಲವಿಲ್ಲವೆಂದಿತು. ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಬೇಕಾಯಿತು.

ನಾವೂ ಅದನ್ನೇ ಕೇಳಿದೆವು. ‘ಯಾವ ನಿಯಮದಡಿ ಹೊರಹಾಕುತ್ತಿದ್ದೀರಿ, ಲಿಖಿತವಾಗಿ ತಿಳಿಸಿ’ ಎಂದು ಎರಡೇ ಸಾಲು ಬರೆದು, ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಂದರು ಆ ತಾಯಿ. ಉತ್ತರ ಬರಲಿಲ್ಲ. ಟಿ.ಸಿ. ಮಾತೂ ಮತ್ತೆ ಬರಲಿಲ್ಲ.

ಹಲ್ಲು ಮುರಿದವನ ತಾಯಿ ಮಾತ್ರ ನನ್ನನ್ನು ಅಂಗಡಿಯಲ್ಲಿ ತಡೆದು, “ನನ್ನ ಮಗನ ಹಲ್ಲಿಗೆ ಕಾಯ್ದೆ ಇಲ್ವಾ ಸರ್?” ಎಂದರು. ನ್ಯಾಯವಾದ ಪ್ರಶ್ನೆ. ಶಿಕ್ಷೆಯೇ ಬೇಡವೆಂದು ಯಾರೂ ಹೇಳಿಲ್ಲ. ಹುಡುಗನನ್ನು ಬೇರೆ ಸೆಕ್ಷನ್‌ಗೆ ಹಾಕಿದರು, ಅವನಪ್ಪ ಹಲ್ಲಿನ ಖರ್ಚನ್ನು ಎರಡು ಕಂತಿನಲ್ಲಿ ಕೊಟ್ಟರು. ಆ ತಾಯಿಗೆ ಇನ್ನೂ ಸಮಾಧಾನವಿಲ್ಲ.