ಬೆಳಗಿನ ಕೈ

ಒಲೆಯ ಹತ್ತಿರ ಸರಿದು ಕೂತುಕೊಳ್ಳಿ, ಹೇಳುತ್ತೇನೆ. ಇದು ಅಡಿಕೆ ಸುಗ್ಗಿಯ ಕಾಲದ ಮಾತು. ಸಾಗರದ ಕಡೆಯ ನಮ್ಮ ಹಳ್ಳಿಯಲ್ಲಿ ಕಾರ್ತಿಕ ಕಳೆಯುವ ಹೊತ್ತಿಗೆ ಮನೆಮನೆಯಲ್ಲೂ ರಾತ್ರಿ ಅಡಿಕೆ ಸುಲಿತ. ಅಕ್ಕಪಕ್ಕದವರೆಲ್ಲ ಬಂದು ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಿದ್ದರು. ಪಕ್ಕದಲ್ಲೇ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ನಾನು ನಮ್ಮ ಮನೆಯ ಕಿರಿಸೊಸೆ, ಆಗ ಮೂವತ್ತು ತುಂಬಿರಲಿಲ್ಲ.

ಆ ವರ್ಷ ಮಳೆಗಾಲದಿಂದಲೇ ಬೆಳಿಗ್ಗೆ ನನ್ನ ಬೆರಳು ಮಡಚುತ್ತಿರಲಿಲ್ಲ. ಎರಡೂ ಕೈಯ ಗೆಣ್ಣು, ಮಣಿಕಟ್ಟು ಊದಿ ಬೆಚ್ಚಗಾಗಿರುತ್ತಿದ್ದವು. ಹಾಲಿನ ತಂಬಿಗೆಯನ್ನು ಎರಡು ಅಂಗೈಗಳ ನಡುವೆ ಒತ್ತಿಹಿಡಿದು ಎತ್ತಬೇಕು. ಜಡೆ ಹೆಣೆಯಲಾಗದು, ರವಿಕೆಯ ಗುಂಡಿ ಹಾಕಲಾಗದು. ನೋವನ್ನಾದರೂ ಹಲ್ಲುಕಚ್ಚಿ ತಡೆಯಬಹುದು, ಎಷ್ಟು ಮಲಗಿದರೂ ಇಳಿಯದ ಆ ಸುಸ್ತನ್ನು ತಡೆಯಲಾಗುತ್ತಿರಲಿಲ್ಲ. ಆದರೆ ಬಿಸಿಲೇರಿದ ಹಾಗೆ ಬೆರಳು ಸಡಿಲಾಗುತ್ತಿತ್ತು. ಮಧ್ಯಾಹ್ನ ಎಲ್ಲರಿಗೂ ಬಡಿಸುತ್ತಿದ್ದೆ, ರಾತ್ರಿ ಸುಲಿಯಲಿಕ್ಕೂ ಕೂರುತ್ತಿದ್ದೆ.

ಒಂದು ರಾತ್ರಿ ಸಾಲಿನಲ್ಲಿದ್ದವರೊಬ್ಬರು ಅಂದರು: “ರಾತ್ರಿ ಸುಲಿಯೋಕೆ ಬರೋ ಕೈ, ಬೆಳಿಗ್ಗೆ ಕೊಟ್ಟಿಗೆ ಕೆಲಸಕ್ಕೆ ಮಾತ್ರ ಬರೋದಿಲ್ಲವಂತೆ.” ಹತ್ತಾರು ಜನ ನಕ್ಕರು. ನಾನು ತಲೆ ಎತ್ತಲಿಲ್ಲ.

ಹಂಡೆಯ ಒಲೆಗೆ ಕುಂಟೆ ನೂಕುತ್ತಿದ್ದ ನನ್ನ ಗಂಡನ ಅಜ್ಜಿ ಸೊಂಟ ನೆಟ್ಟಗೆ ಮಾಡಿ ನಿಂತರು. “ನಗಬೇಡಿ. ದಿನಾ ಬೆಳಗಿನ ಜಾವ ಬಚ್ಚಲೊಲೆ ಮುಂದೆ ಕೂರೋಳು ನಾನು. ಈ ಹುಡುಗಿ ಬೆಂಕಿಕಡ್ಡಿ ಗೀರಲಾರದೆ ಅಳೋದನ್ನ ಕಣ್ಣಾರೆ ನೋಡಿದ್ದೀನಿ. ಅದು ಸುಳ್ಳಲ್ಲ. ಸುಗ್ಗಿ ಇದ್ದರೆ ಇರಲಿ, ನಾಳೆ ಇವಳನ್ನ ಶಿವಮೊಗ್ಗಕ್ಕೆ ಕರಕೊಂಡು ಹೋಗಿ.” ಮಾರನೆಯ ದಿನ ಬಸ್ಸಿನಲ್ಲಿ ತಾವೂ ಜೊತೆಗೆ ಬಂದರು.

ವೈದ್ಯರು ಕೇಳಿದ ಮೊದಲ ಪ್ರಶ್ನೆ: “ಎದ್ದ ಮೇಲೆ ಮುಷ್ಟಿ ಕಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ?” ನಾನು ತಡವರಿಸಿದೆ. ಅಜ್ಜಿ ಹೇಳಿದರು: “ನಾನು ಬಚ್ಚಲೊಲೆ ಹೊತ್ತಿಸಿದಾಗಿಂದ ಮನೆಮಂದಿಯ ದೋಸೆ ಆಗೋವರೆಗೂ.” ಅಂದರೆ ಎರಡು ತಾಸಿಗೆ ಕಡಿಮೆಯಿಲ್ಲ. ಸವೆದ ಕೀಲಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ, ಒಂದು ಗಂಟೆ ದಾಟಿದರೆ ಅನುಮಾನಪಡಬೇಕು ಎಂದರು ವೈದ್ಯರು. ರಕ್ತ ಪರೀಕ್ಷೆಯಲ್ಲಿ ಇಎಸ್‌ಆರ್ ಏರಿತ್ತು, ಆಂಟಿ-ಸಿಸಿಪಿ ಪಾಸಿಟಿವ್ ಬಂತು. ರುಮಟಾಯ್ಡ್ ಸಂಧಿವಾತ. ರೋಗದಿಂದ ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ಬೀಳುವುದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಸುಮ್ಮನೆ ಬಿಟ್ಟರೆ ಮೃದ್ವಸ್ಥಿಯನ್ನೂ ಎಲುಬನ್ನೂ ತಿನ್ನುತ್ತದೆ, ತಿಂದದ್ದು ಮರಳಿ ಬರುವುದಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಮೆಥೊಟ್ರೆಕ್ಸೇಟ್ ಮಾತ್ರೆ ಶುರುವಾಯಿತು. ವಾರಕ್ಕೆ ಒಂದೇ ದಿನ; ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಅದು ಹಿಡಿತಕ್ಕೆ ಬರಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಅಲ್ಪ ಪ್ರಮಾಣದ ಸ್ಟೀರಾಯ್ಡ್. ಮನೆಯವರು ಆ ಹೆಸರಿಗೇ ಬೆಚ್ಚಿದಾಗ ವೈದ್ಯರು ಹಳೆಯ ಸಂಗತಿಯೊಂದನ್ನು ಹೇಳಿದರು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಇದೇ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ತರುಣಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದರು, ಕೆಲವೇ ದಿನಗಳಲ್ಲಿ ಅವಳು ಎದ್ದು ಓಡಾಡಿದಳು. 1950ರಲ್ಲಿ ಅವರಿಗೆ ನೊಬೆಲ್ ಸಂದಿತು. ಆದರೆ ಬಹುಕಾಲ ತಿಂದರೆ ಅದೇ ಔಷಧ ಎಲುಬನ್ನು ಟೊಳ್ಳು ಮಾಡುತ್ತದೆ. ಅದಕ್ಕೇ ಸ್ವಲ್ಪ ದಿನ ಮಾತ್ರ, ಆಮೇಲೆ ನಿಧಾನವಾಗಿ ಇಳಿಸುವುದು.

ಕಾಯಿಲೆ ನನ್ನನ್ನು ಬಿಟ್ಟು ಹೋಗಿಲ್ಲ, ಹೋಗುವುದೂ ಇಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ಬೆಳಿಗ್ಗೆ ಮತ್ತೆ ಕೆರಳುತ್ತದೆ. ಆ ದಿನ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರುತ್ತೇನೆ, ಹಿಟ್ಟು ಕಲಸುವ ಕೆಲಸ ಗಂಡನದು. ಯಕೃತ್ತಿಗಾಗಿ, ರಕ್ತಕಣಗಳಿಗಾಗಿ ಆಗಾಗ ಪರೀಕ್ಷೆ ತಪ್ಪಿಸುವುದಿಲ್ಲ. ಬೆರಳು ಸೊಟ್ಟಗಾಗಿಲ್ಲ. ಬೇಗ ಮದ್ದು ಸಿಕ್ಕಿದ್ದರಿಂದ ಉಳಿದ ಕೈ ಇದು, ಮದ್ದು ಬೇಗ ಸಿಕ್ಕಿದ್ದು ಒಬ್ಬರು ನಂಬಿದ್ದರಿಂದ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಎರಡೂ ಕೈಯ ಗೆಣ್ಣು ಊದಿ, ದಿನಾ ಬೆಳಿಗ್ಗೆ ಗಂಟೆಗೂ ಮೀರಿ ಬಿಗಿದಿದ್ದು, ವಾರಗಳು ಕಳೆದರೂ ಹೋಗದಿದ್ದರೆ ಎಣ್ಣೆ ತಿಕ್ಕುತ್ತ ಕಾಲ ಕಳೆಯಬೇಡಿ. ಕೀಲುರೋಗ ತಜ್ಞರಿಗೆ ತೋರಿಸಿ. ಸಂಜೆಯ ಕೈ ನೋಡಿ ತೀರ್ಪು ಕೊಡಬೇಡಿ, ನೋವುಣ್ಣುವವರು ಹೇಳುವ ಬೆಳಗನ್ನು ನಂಬಿ.