ಎರೆಸೀಮೆಯ ಮನೆಗಳೂ ಅವುಗಳ ಒಲೆಗಳೂ

ಗದಗ ಜಿಲ್ಲೆಯ ಬಡಗಣ ಭಾಗದಲ್ಲಿ ರೋಣ, ನರಗುಂದ, ಗಜೇಂದ್ರಗಡಗಳೆಂಬ ಮೂರು ಊರುಗಳಿರುವವು. 1997ನೆಯ ಇಸವಿಯ ವರೆಗೆ ಇವು ಧಾರವಾಡ ಜಿಲ್ಲೆಗೆ ಸೇರಿದ್ದವು. ಇತ್ತ ಬರುವ ಪ್ರವಾಸಿಗರು ನರಗುಂದದ ಗುಡ್ಡವನ್ನೇರಿ, ಸೂಡಿಯ ಜೋಡು ಕಳಸದ ಗುಡಿಯನ್ನು ನೋಡಿ, ಕಾಲಕಾಲೇಶ್ವರನ ದರ್ಶನ ಪಡೆದು ಮರಳುವದು ವಾಡಿಕೆ. ಊರೊಳಗಿನ ಮನೆಗಳನ್ನು ಹೊಕ್ಕು ನೋಡುವವರು ವಿರಳ. ಆದರೆ ಗೃಹಸ್ಥರಾದ ನಮ್ಮ ವಾಚಕರು ಕಲಿಯತಕ್ಕ ಒಂದೆರಡು ಸಂಗತಿಗಳು ಆ ಮನೆಗಳ ಒಲೆಗಳಲ್ಲಿಯೇ ಇರುವವು.

ರೋಣದ ಸುತ್ತಲಿನದು ಎರೆಭೂಮಿ. ಕಣ್ಣು ಹರಿಯುವಷ್ಟು ದೂರ ಜೋಳ, ಕಡಲೆ, ಹತ್ತಿಗಳ ಹೊಲಗಳಲ್ಲದೆ ಕಾಡೆಂಬದು ಕಾಣದು. ಜಿಲ್ಲೆಯ ಹೆಸರಾಂತ ಅರಣ್ಯವಾದ ಕಪ್ಪತಗುಡ್ಡವು ತೆಂಕಣ ದಿಕ್ಕಿಗೆ ದೂರದಲ್ಲಿರುವದು. 2019ರಲ್ಲಿ ಅದು ವನ್ಯಜೀವಿಧಾಮವೂ ಆಯಿತು. ಆದುದರಿಂದ ಇಲ್ಲಿಯ ಒಲೆಗೆ ಹೊಲವೇ ಉರುವಲನ್ನು ಕೊಡಬೇಕು. ಹತ್ತಿ ಬಿಡಿಸಿದ ಮೇಲೆ ಕಿತ್ತ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ದನದ ಸೆಗಣಿಯ ಕುಳ್ಳು, ಬದುವಿನ ಮೇಲಿನ ಜಾಲಿ, ಇವೇ ಇಲ್ಲಿಯ ಸಂಪತ್ತು. ಒಂದೊಂದರ ಗುಣವೂ ಬೇರೆ. ಹತ್ತಿಕಟ್ಟಿಗೆಯು ಬೇಗನೆ ಹೊತ್ತಿ ಧಗಧಗನೆ ಉರಿಯುವದರಿಂದ ಹಂಚಿನ ಮೇಲಿನ ರೊಟ್ಟಿಗೆ ಒಗ್ಗುವದು. ಕುಳ್ಳು ಮೆಲ್ಲಗೆ ಕನಲುವದರಿಂದ ಹಾಲು ಕಾಯಿಸುವದಕ್ಕೂ ಕಾಳು ಬೇಯಿಸುವದಕ್ಕೂ ತಕ್ಕದ್ದು. ಜಾಲಿಯು ಗಟ್ಟಿಯಾದ ಕೆಂಡವನ್ನು ಕೊಡುವದು. ಈ ಸೀಮೆಯ ಮನೆಗಳಲ್ಲಿ ಇದ್ದಲಿಯೆಂದರೆ ಗಣಿಯ ಕಲ್ಲಿದ್ದಲಲ್ಲ, ಕಟ್ಟಿಗೆಯಿಂದಾದ ಇದ್ದಲಿಯೇ.

ಹಳೆಯ ಕಾಲದ ಒಕ್ಕಲಿಗರ ಮನೆಯಲ್ಲಿ ಒಲೆಯು ಒಂದೇ ಇರುವದಿಲ್ಲ. ಅಡಿಗೆಯ ಮನೆಯಲ್ಲಿ ಮಣ್ಣಿನ ಕೋಡೊಲೆ. ಅದರ ಮುಖ್ಯ ಬಾಯಲ್ಲಿ ಉರಿ, ಪಕ್ಕದ ಬಾಯಲ್ಲಿ ಆ ಉರಿಯ ಉಳಿದ ಕಾವು. ಬಚ್ಚಲಲ್ಲಿ ನೀರಿನ ಹಂಡೆಯನ್ನು ಹೊತ್ತ ಎರಡನೆಯ ಒಲೆ. ಮನೆಯಲ್ಲಿ ಬಾಣಂತಿಯಿದ್ದರೆ ಆಕೆಯ ಕೋಣೆಯಲ್ಲಿ ಮೂರನೆಯದಾಗಿ ಕೆಂಡದ ಅಗ್ಗಿಷ್ಟಿಕೆ ಅಥವಾ ಶೆಗಡಿ. ತಾಯಿಯೂ ಕೂಸೂ ಮಲಗಿದ ಹೊರಸಿನ ಕೆಳಗೆ ಕೆಂಡವನ್ನಿಟ್ಟು ಕಾಸುವ ಪದ್ಧತಿಯು ಉತ್ತರ ಕರ್ನಾಟಕದಲ್ಲಿ ಬಹು ದಿನದ್ದು. ಇಲ್ಲಿಯ ಚಳಿಗಾಲವು ಹಿಮದೇಶಗಳಷ್ಟು ಕ್ರೂರವಲ್ಲವಾದರೂ ಮಾರ್ಗಶಿರ ಪುಷ್ಯಗಳ ಬೆಳಗಿನ ಜಾವದ ಕುಳಿರು ಬಯಲುಸೀಮೆಯಲ್ಲಿ ಎಲುಬಿಗೇ ತಟ್ಟುವದು. ಹಸುಗೂಸಿಗೆ ಬೆಚ್ಚಗಿರಬೇಕೆಂಬ ಹಿರಿಯರ ಕಳಕಳಿಯು ಸರಿಯಾದುದೇ.

ರೋಣದಿಂದ ಮೂಡಣಕ್ಕೆ ಹೊರಟು ಗಜೇಂದ್ರಗಡವನ್ನು ಸೇರಿದರೆ ನೆಲದ ಬಣ್ಣವೂ ಗಾಳಿಯ ಬೀಸೂ ಬದಲಾಗುವವು. 1787ರಲ್ಲಿ ಮರಾಠರಿಗೂ ಟಿಪ್ಪುಸುಲ್ತಾನನಿಗೂ ಒಪ್ಪಂದವಾದದ್ದು ಈ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿರುವದು. ಗುಡ್ಡದ ಸಾಲಿನ ಮೇಲೆ ಈಗ ವಿದ್ಯುತ್ತನ್ನು ಹುಟ್ಟಿಸುವ ಗಾಳಿಯಂತ್ರಗಳು ತಿರುಗುತ್ತಿರುವವು. ಇಂಥ ಗಾಳಿಯ ಊರಿನಲ್ಲಿ ಚಳಿಯಾದೊಡನೆ ಕದ ಕಿಟಕಿಗಳನ್ನು ಬಿಗಿಯಾಗಿ ಮುಚ್ಚುವದು ಸಹಜ. ಆದರೆ ಒಂದಕ್ಕಿಂತ ಹೆಚ್ಚು ಬೆಂಕಿಗಳಿರುವ ಮನೆಗೆ ಅಪಾಯವು ಹುಟ್ಟುವದು ಅಲ್ಲಿಯೇ.

ಅದು ಹೇಗೆಂದರೆ: ಮಣ್ಣಿನ ಮಾಳಿಗೆಯ ಮನೆಗೆ ಹೊಗೆ ಹೋಗಲು ಮೇಲಿನ ಬೆಳಕಿಂಡಿಯೇ ದಾರಿ. ಒಲೆಯ ಬಿಸಿಗಾಳಿಯು ಮೇಲೇರಿ ಬೆಳಕಿಂಡಿಯಿಂದ ಹೊರಬಿದ್ದಷ್ಟು ಹೊಸ ಗಾಳಿಯು ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಬಾಗಿಲು ಮುಚ್ಚಿದ್ದರೆ ಅಡಿಗೆಯ ದೊಡ್ಡ ಉರಿಯು ಮನೆಯ ಬೇರೆ ಕಿಂಡಿಗಳಿಂದ ಗಾಳಿಯನ್ನೆಳೆಯುವದು. ಆಗ ಬಚ್ಚಲೊಲೆಯ ಹೊಗೆಯು ಹೊರಗೆ ಹೋಗುವ ಬದಲು ಮನೆಯೊಳಕ್ಕೇ ತಿರುಗುವದು. ಎರಡು ಒಲೆಗಳಿಗೆ ಒಂದೇ ಮನೆಯ ಗಾಳಿಯು ಸಾಲದಾದಾಗ ಬಲವಾದ ಒಲೆಯು ಗೆದ್ದು, ಆರುತ್ತ ಬಂದ ಒಲೆಯು ಸೋಲುವದು. ಶೀತದೇಶಗಳಲ್ಲಿ ಕಲ್ಲಿದ್ದಲಿನ ಒಲೆಗಳಿಗೆ ಬೇರೆ ಬೇರೆ ಹೊಗೆಗೂಡುಗಳನ್ನಿಟ್ಟು, ಗಾಳಿ ಬರುವ ದಾರಿಯನ್ನೂ ಬಿಡುವದು ಇದಕ್ಕಾಗಿಯೇ.

ಹೊಗೆಯಾದರೆ ಕಣ್ಣಿಗೆ ಉರಿ ತಂದು ಎಚ್ಚರಿಸುವದು. ಕೆಂಡಕ್ಕೆ ಹೊಗೆಯಿಲ್ಲ, ಹೊಗೆಯಿಲ್ಲದ್ದರಿಂದ ಭಯವಿಲ್ಲವೆಂದು ಜನರು ನಂಬುವರು. ಆದರೆ ಗಾಳಿ ಸಾಲದೆ ಉರಿಯುವ ಇದ್ದಲಿಯಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವು ಹುಟ್ಟುವದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪುದ್ರವ್ಯವು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಈ ವಾಯುವನ್ನು ಅಂಟಿಸಿಕೊಳ್ಳುವದರಿಂದ ದೇಹಕ್ಕೆ ಪ್ರಾಣವಾಯುವು ಸಿಕ್ಕದೆ ಹೋಗುವದು. ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ಬಳಿಕ ಜೋಂಪು. ಜೋಂಪು ಹತ್ತಿದವರು ಎದ್ದು ಬಾಗಿಲು ತೆಗೆಯಲಾರರು. ಹೆರಿಗೆಯಿಂದ ಬಳಲಿದ ತಾಯಿಯು ತಲೆನೋವನ್ನು ಬಾಣಂತಿತನದ ಆಯಾಸವೆಂದು ಬಗೆಯುವಳು, ಕೂಸು ಹೇಳಲಾರದು. ಕೋಣೆಯಲ್ಲಿ ನೀರಿನ ಪಾತ್ರೆಯನ್ನಿಟ್ಟರೆ ಸಾಕೆಂಬ ನಂಬಿಕೆಯೂ ಹುಸಿ. ಈ ವಾಯುವು ನೀರಿನಲ್ಲಿ ಕರಗುವದು ಅತ್ಯಲ್ಪ.

ಗಜೇಂದ್ರಗಡದಿಂದ ಪಡುವಣಕ್ಕೆ ನರಗುಂದದತ್ತ ನಡೆದರೆ ಕಾಲದ ಬದಲಾವಣೆಯು ಕಣ್ಣಿಗೆ ಬೀಳುವದು. 1858ರಲ್ಲಿ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಎದ್ದ ಊರು ಇದು. ಮಲಪ್ರಭೆಯ ಕಾಲುವೆಯ ಕರದ ಸಲುವಾಗಿ 1980ರಲ್ಲಿ ರೈತರು ಎದ್ದ ಊರೂ ಇದೇ. ಕೇಂದ್ರ ಸರಕಾರದ ಉಜ್ವಲಾ ಯೋಜನೆಯು 2016ರಲ್ಲಿ ಆರಂಭವಾದಂದಿನಿಂದ ಬಡವರ ಮನೆಗೂ ಅಡಿಗೆಯ ಅನಿಲವು ಬರತೊಡಗಿತು. ಆದರೂ ಸಿಲಿಂಡರಿನ ಬೆಲೆಯನ್ನು ಎಣಿಸುವ ಮನೆಗಳಲ್ಲಿ ಸ್ನಾನದ ನೀರಿಗೆ ಕಟ್ಟಿಗೆಯ ಒಲೆಯು ಉಳಿದೇ ಇರುವದು. ಬಾಣಂತಿಯ ಕೆಂಡವೂ ಪೂರ್ಣವಾಗಿ ಆರಿಲ್ಲ.

ಹಿರಿಯರ ಪದ್ಧತಿಯನ್ನು ಹಳಿಯುವದರಿಂದ ಪ್ರಯೋಜನವಿಲ್ಲ. ಅದರ ಉದ್ದೇಶವನ್ನು ಉಳಿಸಿ ಅಪಾಯವನ್ನು ಕಳೆಯಬೇಕು. ತಾಯಿಗೂ ಕೂಸಿಗೂ ಬೇಕಾದದ್ದು ಕಾವೇ ಹೊರತು ಕೆಂಡವಲ್ಲ. ಬೆಚ್ಚನೆಯ ಕೌದಿ, ಕೂಸಿನ ತಲೆಗೆ ಕುಲಾವಿ, ತಾಯಿಯ ಮೈಗೆ ಮೈ ತಾಗಿಸಿ ಮಲಗಿಸುವದು, ಇವುಗಳಿಂದ ಆ ಕಾವು ದೊರೆಯುವದು. ಕೋಣೆಯನ್ನೇ ಕಾಸಲೇಬೇಕೆನ್ನುವವರು ಬಾಗಿಲನ್ನೂ ಬೆಳಕಿಂಡಿಯನ್ನೂ ತೆರೆದಿಟ್ಟು, ಎಚ್ಚರವಿರುವವರೊಬ್ಬರನ್ನು ಕೂಡಿಸಿ, ಕೋಣೆಯು ಬೆಚ್ಚಗಾದೊಡನೆ ಕೆಂಡವನ್ನು ಅಂಗಳಕ್ಕೆ ಒಯ್ಯತಕ್ಕದ್ದು. ಮಳೆಗೆಂದು ಬೆಳಕಿಂಡಿಯ ಮೇಲೆ ಮುಚ್ಚಿದ ತಗಡನ್ನು ಒಲೆ ಹೊತ್ತಿಸುವ ಮುನ್ನ ಸರಿಸತಕ್ಕದ್ದು. ಯಾರಿಗಾದರೂ ತಲೆ ಸುತ್ತಿದರೆ ಮೊದಲು ಬಯಲಿಗೆ ಕರೆತಂದು ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ನಿದ್ದೆಹೋದವರ ಕೋಣೆಯಲ್ಲಿ ಮಾತ್ರ ಕೆಂಡವು ಒಂದು ಗಳಿಗೆಯೂ ಇರಕೂಡದು.